2.1 ಇಂಚೋ, 2.4 ಇಂಚೋ? ಗುಡ್ಡದ ಸೈಕಲಿಗೆ ಎಷ್ಟು ಅಗಲದ ಟೈರು ಬೇಕು?

ಹೋದ ವರ್ಷದ ಮಳೆಗಾಲದಲ್ಲಿ ನಾನು 1,900 ರೂಪಾಯಿ ಕೊಟ್ಟು ನನ್ನ ಮೌಂಟೇನ್ ಬೈಕಿಗೆ ಎರಡು ಹೊಸ ಟೈರು ಕೊಂಡೆ. ಅದರಲ್ಲಿ 1,400 ಎರಡು ಹಬ್ಬಗಳಲ್ಲಿ ಕೂಡಿಟ್ಟ ಈದಿ. ಉಳಿದ 500 ಅಮ್ಮಿ ತಮ್ಮ ಹೊಲಿಗೆಯ ದುಡ್ಡಿನಿಂದ ಕೊಟ್ಟಿದ್ದು. ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡ ಆ ಸೈಕಲಿಗೆ ಮೊದಲಿನಿಂದ ಇದ್ದದ್ದು 2.1 ಇಂಚಿನ ಟೈರು. ಹತ್ತು ದಿನಗಳಲ್ಲಿ ಒಂದು ರೇಸ್ ಇತ್ತು. ಅಂಗಡಿಯಲ್ಲಿ 2.4 ಇಂಚಿನ ಟೈರು ತೋರಿಸಿ, “ಅಗಲ ಇದ್ದಷ್ಟು ಹಿಡಿತ ಜಾಸ್ತಿ, ಇದನ್ನೇ ತಗೋ” ಅಂದರು. ನೋಡಲಿಕ್ಕೆ ಮೋಟರ್‌ಸೈಕಲ್ ಟೈರಿನ ಹಾಗೆ ದಪ್ಪ ದಪ್ಪ ಬಟನ್‌ಗಳು. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಾಗಿತ್ತು.

ರೇಸಿನ ಹಿಂದಿನ ರಾತ್ರಿ ಮಳೆ ಹೊಡೆಯಿತು. ನಮ್ಮ ಗದಗ ಭಾಗದ ಎರೆ ಮಣ್ಣು ಮಳೆಗೆ ಹೇಗಾಗುತ್ತದೆಂದು ನಿಮಗೆ ಗೊತ್ತು, ಚಪ್ಪಲಿ ಸಹಿತ ಕಾಲು ಮೇಲೆ ಬರುವುದಿಲ್ಲ. ಮೊದಲ ಸುತ್ತಿನಲ್ಲೇ ಹಿಂದಿನ ಟೈರಿಗೂ ಫ್ರೇಮಿಗೂ ನಡುವೆ ಮಣ್ಣು ಸಿಕ್ಕಿಕೊಂಡು ಚಕ್ರ ನಿಂತೇ ಹೋಯಿತು. ಇಳಿದು ಕಡ್ಡಿಯಿಂದ ಮಣ್ಣು ಕೆದರಿ ಮತ್ತೆ ಹತ್ತಿದೆ. ನೂರು ಮೀಟರ್ ಹೋಗುವಷ್ಟರಲ್ಲಿ ಮತ್ತೆ ನಿಂತಿತು. ಹೀಗೆ ನಾಲ್ಕು ಸಲ. ಕೊನೆಯ ಸುತ್ತನ್ನು ಸೈಕಲ್ ಹೆಗಲ ಮೇಲೆ ಹೊತ್ತುಕೊಂಡು ಮುಗಿಸಿದೆ, ಕೊನೆಯಿಂದ ಎರಡನೆಯವನಾಗಿ. ನನಗಿಂತ ಹಳೆಯ ಸೈಕಲಿನ, ನನಗಿಂತ ಸಣ್ಣ ಟೈರಿನ ಹುಡುಗ ಅದೇ ಕೆಸರಿನಲ್ಲಿ ನನ್ನ ಪಕ್ಕದಿಂದ ಹಾದು ಹೋದ.

ಆ ಮೇಲೆ ಕೂತು ಓದಿದೆ, ಕೇಳಿದೆ, ಅಳೆದೆ, ಲೆಕ್ಕ ಹಾಕಿದೆ. ನಮ್ಮ ಕಾಲೇಜಿನಲ್ಲಿ ಈಗ ಏಳೆಂಟು ಜನ ಗೇರ್ ಸೈಕಲ್ ತರುತ್ತಾರೆ, ಇಬ್ಬರು ರೇಸಿಗೂ ಹೆಸರು ಕೊಟ್ಟಿದ್ದಾರೆ. ಅವರು ನನ್ನ ಹಾಗೆ ದುಡ್ಡು ಕಳೆದುಕೊಳ್ಳಬಾರದು ಎಂದು ಈ ಲೇಖನ.

ಟೈರಿನ ಮೇಲಿನ ಅಂಕಿ ಏನು ಹೇಳುತ್ತದೆ?

ನಿಮ್ಮ ಟೈರಿನ ಪಕ್ಕವನ್ನು ಒರೆಸಿ ನೋಡಿ. 29 × 2.1 ಎಂಬಂತೆ ಒಂದು ಅಳತೆ ಇರುತ್ತದೆ. ಹತ್ತಿರದಲ್ಲೇ 54-622 ಎಂಬಂತೆ ಇನ್ನೊಂದು. ಎರಡೂ ಒಂದೇ ಮಾತನ್ನು ಹೇಳುತ್ತವೆ, ಆದರೆ ಎರಡನೆಯದು ಹೆಚ್ಚು ನಂಬಿಗಸ್ತ. 54 ಎಂದರೆ ಗಾಳಿ ತುಂಬಿದಾಗ ಟೈರಿನ ಅಗಲ, ಮಿಲಿಮೀಟರಿನಲ್ಲಿ. 622 ಎಂದರೆ ಟೈರು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ. 29 ಇಂಚಿನ ಸೈಕಲಿಗೆ 622, 27.5 ಇಂಚಿಗೆ 584, ಹಳೆಯ 26 ಇಂಚಿನ ಮೌಂಟೇನ್ ಬೈಕಿಗೆ 559. ಈ ಎರಡನೆಯ ಅಂಕಿ ತಪ್ಪಿದರೆ ಟೈರು ಕೂರುವುದೇ ಇಲ್ಲ. ಮೊದಲನೆಯ ಅಂಕಿಯಲ್ಲಿ ಮಾತ್ರ ನಮಗೆ ಆಯ್ಕೆ ಇದೆ.

ಒಂದು ಇಂಚಿಗೆ 25.4 ಮಿ.ಮೀ. ಹಾಗಾಗಿ 2.1 ಇಂಚು ಸುಮಾರು 54 ಮಿ.ಮೀ., 2.25 ಇಂಚು 57, 2.4 ಇಂಚು 61. ನಮ್ಮ ಅಬ್ಬಾನ ಹಳೆಯ ಕರಿ ಸೈಕಲಿನ ಟೈರಿನ ಮೇಲೆ 28 × 1½ ಎಂದಿದೆ. ಅದರ ಅಗಲ ನಲವತ್ತು ಮಿ.ಮೀ. ಒಳಗೇ. ನನ್ನ 2.1ಕ್ಕೂ 2.4ಕ್ಕೂ ಇರುವ ವ್ಯತ್ಯಾಸ ಬರೀ 7 ಮಿ.ಮೀ., ಒಂದು ಪೆನ್ನಿನ ದಪ್ಪದಷ್ಟು. ಆ ಏಳು ಮಿಲಿಮೀಟರ್ ನನ್ನ ರೇಸನ್ನು ನಿಲ್ಲಿಸಿತು.

ಅಗಲ ಟೈರು ನಿಧಾನವೇ?

ರೇಸಿನ ನಂತರ ಎಲ್ಲರೂ ನನಗೆ ಹೇಳಿದ್ದು ಒಂದೇ ಮಾತು: “ರೇಸಿಗೆ ಸಣ್ಣ ಟೈರೇ ಹಾಕಬೇಕು, ಅಗಲ ಟೈರು ಎಳೆಯುತ್ತದೆ.” ಇದು ಅರ್ಧ ಸತ್ಯ. ಇದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಲೆಕ್ಕ ಬೇಕು. ಕಾಮರ್ಸ್ ವಿದ್ಯಾರ್ಥಿಯಾದ ನನಗೇ ಆಯಿತು, ನಿಮಗೂ ಆಗುತ್ತದೆ.

ನಾನು 54 ಕೆ.ಜಿ., ಸೈಕಲ್ 15, ನೀರಿನ ಬಾಟಲಿ ಮತ್ತು ಚೀಲ 1. ಒಟ್ಟು 70 ಕೆ.ಜಿ. ಇದರಲ್ಲಿ ಹೆಚ್ಚುಕಡಿಮೆ 60 ಭಾಗ, ಅಂದರೆ 42 ಕೆ.ಜಿ. ಹಿಂದಿನ ಚಕ್ರದ ಮೇಲೆ. ಈ ಭಾರವನ್ನು ಮುಖ್ಯವಾಗಿ ಹೊರುವುದು ರಬ್ಬರ್ ಅಲ್ಲ, ಒಳಗಿನ ಗಾಳಿ. ಟೈರಿನಲ್ಲಿ 30 ಪಿಎಸ್ಐ ಗಾಳಿ ಇದ್ದರೆ ಅದು ಪ್ರತಿ ಚದರ ಸೆಂ.ಮೀ.ಗೆ ಸುಮಾರು 2.1 ಕೆ.ಜಿ. ಹೊರುತ್ತದೆ. 42 ಕೆ.ಜಿ. ಹೊರಲು 20 ಚದರ ಸೆಂ.ಮೀ. ಬೇಕು. ಅಷ್ಟು ಜಾಗ ನೆಲಕ್ಕೆ ತಾಗುವವರೆಗೆ ಟೈರು ಚಪ್ಪಟೆಯಾಗುತ್ತದೆ. ಗಾಳಿ 40 ಪಿಎಸ್ಐ ಮಾಡಿದರೆ 15 ಚದರ ಸೆಂ.ಮೀ. ಸಾಕು. 20ಕ್ಕೆ ಇಳಿಸಿದರೆ 30 ಬೇಕು. ಟೈರಿನ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜು ಲೆಕ್ಕ, ಆದರೆ ತತ್ವ ಇದೇ.

ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ಗಾಳಿ ಒಂದೇ ಆದರೆ ಸಣ್ಣ ಟೈರೂ ಅಗಲ ಟೈರೂ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಅದರ ಆಕಾರ. ಸಣ್ಣ ಟೈರಿನದು ಉದ್ದವಾಗಿ, ಸಪೂರವಾಗಿ ಇರುತ್ತದೆ. ಅಗಲ ಟೈರಿನದು ಗಿಡ್ಡವಾಗಿ, ಅಗಲವಾಗಿ ಇರುತ್ತದೆ. ಉದ್ದಕ್ಕೆ ಚಪ್ಪಟೆಯಾಗಬೇಕಾದರೆ ಟೈರಿನ ಗೋಡೆ ಹೆಚ್ಚು ಮಡಚಬೇಕು. ಚಕ್ರದ ಪ್ರತಿ ಸುತ್ತಿನಲ್ಲೂ ರಬ್ಬರ್ ಮಡಚಿ ಬಿಚ್ಚಿಕೊಳ್ಳುವಾಗ ನಾವು ತುಳಿದ ಶಕ್ತಿಯಲ್ಲಿ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಆದ್ದರಿಂದ ಒಂದೇ ಬಗೆಯ ಎರಡು ಟೈರುಗಳಲ್ಲಿ ಒಂದೇ ಗಾಳಿ ಇದ್ದರೆ ಅಗಲದ್ದೇ ಹಗುರಾಗಿ ಉರುಳುತ್ತದೆ. ನನಗೆ ಇದು ಮೊದಲು ನಂಬಲಾಗಲಿಲ್ಲ.

ಹಾಗಾದರೆ ಅಗಲ ಟೈರು ಎಳೆಯುತ್ತದೆ ಎಂದು ಎಲ್ಲರಿಗೂ ಏಕೆ ಅನಿಸುತ್ತದೆ? ಡಾಂಬರು ರಸ್ತೆಯಲ್ಲಿ ಅದು ನಿಜವಾಗಿಯೂ ಎಳೆಯುತ್ತದೆ. ಏಕೆಂದರೆ ಅಗಲ ಟೈರಿನಲ್ಲಿ ಯಾರೂ ಅಷ್ಟೇ ಗಾಳಿ ಇಡುವುದಿಲ್ಲ, ಕಡಿಮೆ ಇಡುತ್ತಾರೆ. ಅದರ ದೊಡ್ಡ ಬಟನ್‌ಗಳು ರಸ್ತೆಯ ಮೇಲೆ ಬಾಗಿ ಬಾಗಿ ಶಕ್ತಿ ತಿನ್ನುತ್ತವೆ. ಅದು ತೂಕವೂ ಹೆಚ್ಚು, ವೇಗದಲ್ಲಿ ಎದುರುಗಾಳಿಯೂ ಹೆಚ್ಚು.

ಗರಸಿನ ದಾರಿಯಲ್ಲಿ, ಚಕ್ಕಡಿ ಜಾಡಿನಲ್ಲಿ ಮಾತು ಬೇರೆ. ಗಟ್ಟಿ ಟೈರು ಒಂದು ಕಲ್ಲಿಗೆ ಬಡಿದರೆ ಸೈಕಲ್ಲೂ ಸವಾರನೂ ಮೇಲೆ ಜಿಗಿಯುತ್ತಾರೆ. ಮುಂದೆ ಹೋಗಬೇಕಾದ ಶಕ್ತಿ ಮೇಲೆ ಹೋಗುತ್ತದೆ. ಮೆತ್ತಗಿನ ಟೈರು ಕಲ್ಲನ್ನು ತನ್ನೊಳಗೆ ನುಂಗಿಕೊಂಡು ಸೈಕಲನ್ನು ಮಟ್ಟಸವಾಗಿ ಒಯ್ಯುತ್ತದೆ. ಗಾಳಿ ತುಂಬಿದ ಟೈರು ಹುಟ್ಟಿದ್ದೇ ಇದಕ್ಕಾಗಿ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲಿನ ಘನ ರಬ್ಬರ್ ಚಕ್ರಕ್ಕೆ ಬದಲಾಗಿ ಗಾಳಿಯ ಕೊಳವೆ ಸುತ್ತಿದ. ಮೌಂಟೇನ್ ಬೈಕಿನ ಕಥೆಯೂ ಅಗಲ ಟೈರಿನಿಂದಲೇ ಶುರುವಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಕೆಲವು ಯುವಕರು ‘ರಿಪ್ಯಾಕ್’ ಎಂಬ ಗುಡ್ಡದ ಇಳಿಜಾರಿನಲ್ಲಿ ರೇಸ್ ಶುರು ಮಾಡಿದರು. ಅವರು ಬಳಸಿದ್ದು 1930-40ರ ದಶಕದ ಭಾರವಾದ ಹಳೆಯ ಸೈಕಲ್‌ಗಳನ್ನು. ಅವುಗಳ ಬಲೂನ್ ಟೈರಿನ ಅಗಲ 2.125 ಇಂಚು. ಆ ಕಲ್ಲಿನ ಇಳಿಜಾರಿನಲ್ಲಿ ತಾಳಿಕೊಳ್ಳಲು ಅಂಥ ಮೆತ್ತನೆಯ ಟೈರೇ ಬೇಕಿತ್ತು.

1996ರಲ್ಲಿ ಅಟ್ಲಾಂಟಾದಲ್ಲಿ ಮೌಂಟೇನ್ ಬೈಕ್ ರೇಸ್ ಮೊದಲ ಬಾರಿ ಒಲಿಂಪಿಕ್ಸ್ ಸೇರಿತು. ಆ ಕಾಲದ ಕ್ರಾಸ್‌ಕಂಟ್ರಿ ಸವಾರರು 1.9ರಿಂದ 2.1 ಇಂಚಿನ ಸಣ್ಣ ಟೈರಿಗೆ ತುಂಬಾ ಗಾಳಿ ಹಾಕುತ್ತಿದ್ದರು. ಇಂದು ಅದೇ ಕ್ರಾಸ್‌ಕಂಟ್ರಿ ರೇಸಿನಲ್ಲಿ 2.25ರಿಂದ 2.4 ಇಂಚು ಸಾಮಾನ್ಯವಾಗಿದೆ. ಅಂದರೆ ವೇಗವೇ ಮುಖ್ಯವಾದವರೂ ಅಗಲದ ಕಡೆಗೇ ಬಂದಿದ್ದಾರೆ.

ಲೋಡ್ ನೋಡಿ ಹವಾ

ಇಷ್ಟೆಲ್ಲ ಓದಿದ ಮೇಲೆ ನನ್ನ ತಲೆ ಇನ್ನೂ ಕೆಟ್ಟಿತು. ಅಗಲವೇ ಒಳ್ಳೆಯದಾದರೆ ನಾನು ಸೋತಿದ್ದು ಏಕೆ? ಒಂದು ರಾತ್ರಿ ಊಟದ ಹೊತ್ತಿಗೆ ಅಬ್ಬಾ ಕೇಳಿದರು, “ಟೈರಿನಲ್ಲಿ ಹವಾ ಎಷ್ಟು ಇಟ್ಟಿದ್ದೆ?” ಅಬ್ಬಾ ಇಪ್ಪತ್ತು ವರ್ಷಗಳಿಂದ ಗೂಡ್ಸ್ ಟೆಂಪೊ ಓಡಿಸುತ್ತಾರೆ. ನಾನು ಹೇಳಿದೆ, “ಗೊತ್ತಿಲ್ಲ, ಕೈಯಲ್ಲಿ ಒತ್ತಿ ನೋಡಿ ಗಟ್ಟಿಯಾಗುವ ತನಕ ಹೊಡೆದೆ.” ಅವರು ನಕ್ಕರು. “ಲೋಡ್ ದೇಖ್‌ಕೇ ಹವಾ ಭರ್ನಾ, ಬೇಟಾ.” ಖಾಲಿ ಗಾಡಿಗೆ ಒಂದು ಹವಾ, ಮೆಣಸಿನಕಾಯಿ ಚೀಲಕ್ಕೆ ಒಂದು ಹವಾ, ಸಿಮೆಂಟಿಗೆ ಇನ್ನೊಂದು. ಟೈರು ಅದೇ, ಲೋಡ್ ಬೇರೆ, ರಸ್ತೆ ಬೇರೆ, ಹವಾ ಬೇರೆ.

ಅಲ್ಲಿಗೆ ನನಗೆ ತಿಳಿಯಿತು, ನಾನು ಅಗಲವನ್ನು ಕೊಂಡಿದ್ದೆ, ಅದರ ಲಾಭವನ್ನು ತೆಗೆದುಕೊಂಡಿರಲಿಲ್ಲ. ಅಗಲ ಟೈರಿನ ಮುಖ್ಯ ಪ್ರಯೋಜನವೇ ಕಡಿಮೆ ಗಾಳಿಯಲ್ಲಿ ಓಡಿಸಬಹುದು ಎಂಬುದು. ಅದನ್ನು ಕಲ್ಲಿನ ಹಾಗೆ ಗಟ್ಟಿ ಮಾಡಿದರೆ ಬರೀ ತೂಕ ಹೊತ್ತಂತೆ.

ಎಷ್ಟು ಕಡಿಮೆ? ಅದಕ್ಕೂ ಒಂದು ಲೆಕ್ಕ ಇದೆ. ಟೈರಿನ ಬಟ್ಟೆಯ ಪದರದ ಮೇಲೆ ಬೀಳುವ ಎಳೆತ, ಗಾಳಿಯ ಒತ್ತಡ ಮತ್ತು ಟೈರಿನ ಅಗಲ ಎರಡನ್ನೂ ಗುಣಿಸಿದಷ್ಟು ಇರುತ್ತದೆ. 54 ಮಿ.ಮೀ. ಟೈರಿಗೆ 30 ಪಿಎಸ್ಐ ಸರಿಯಿದ್ದರೆ, 61 ಮಿ.ಮೀ. ಟೈರಿನಲ್ಲಿ ಅಷ್ಟೇ ಗಟ್ಟಿತನಕ್ಕೆ 30ನ್ನು 54ರಿಂದ ಗುಣಿಸಿ 61ರಿಂದ ಭಾಗಿಸಿ. ಸುಮಾರು 26.5 ಬರುತ್ತದೆ. ಶಾಲೆಯಲ್ಲಿ ಕಲಿತ ತ್ರೈರಾಶಿ, ಅಷ್ಟೇ.

ಕಡಿಮೆ ಮಾಡುವುದಕ್ಕೂ ಮಿತಿ ಇದೆ. ಗಾಳಿ ತೀರಾ ಇಳಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬೀಳುತ್ತವೆ, ಹಾವು ಕಚ್ಚಿದ ಗುರುತಿನ ಹಾಗೆ. ತಿರುವಿನಲ್ಲಿ ಟೈರು ಪಕ್ಕಕ್ಕೆ ಮಡಚಿ ಸೈಕಲ್ ಓಲಾಡುತ್ತದೆ. ಟೈರಿನ ಪಕ್ಕದಲ್ಲಿ ಗರಿಷ್ಠ ಗಾಳಿ ಬರೆದಿರುತ್ತದೆ, ಕೆಲವದರಲ್ಲಿ ಕನಿಷ್ಠವೂ ಇರುತ್ತದೆ. ಆ ಎಲ್ಲೆಯನ್ನು ದಾಟಬೇಡಿ. ಟ್ಯೂಬ್‌ಲೆಸ್ ಹಾಕಿದವರಿಗೆ ಟ್ಯೂಬು ಸಿಕ್ಕಿಕೊಳ್ಳುವ ಭಯ ಇಲ್ಲ, ಒಳಗಿನ ಸೀಲೆಂಟ್ ದ್ರವ ಜಾಲಿ ಮುಳ್ಳಿನ ಸಣ್ಣ ತೂತನ್ನೂ ಮುಚ್ಚುತ್ತದೆ. ನಮ್ಮ ಕಡೆಯ ಜಾಲಿ ಕಂಟಿಗಳಿಗೆ ಅದು ಒಳ್ಳೆಯದೇ, ಆದರೆ ಅದಕ್ಕೆ ಒಗ್ಗುವ ರಿಮ್ ಮತ್ತು ಟೈರು ಬೇಕು, ಖರ್ಚೂ ಹೆಚ್ಚು.

ಅಗಲಕ್ಕೆ ಮೂರು ಎಲ್ಲೆಗಳು

ಮೊದಲನೆಯದು ಫ್ರೇಮ್. ನಾನು ಸೋತಿದ್ದು ಇಲ್ಲಿ. ಟೈರಿಗೂ ಅದರ ಪಕ್ಕದ ಫ್ರೇಮ್ ಕೊಳವೆಗೂ ನಡುವೆ ಎಲ್ಲ ಕಡೆ ಕನಿಷ್ಠ 6 ಮಿ.ಮೀ. ಸಂದು ಇರಬೇಕು. ಅಳೆಯುವುದು ಸುಲಭ. ಸೀಟು ಬಿಗಿ ಮಾಡುವ ಅಲೆನ್ ಕೀ ಸೆಟ್ಟಿನಲ್ಲಿ 6 ನಂಬರಿನದು ಇರುತ್ತದೆ. ಅದು ಆ ಸಂದಿನಲ್ಲಿ ಸಲೀಸಾಗಿ ತೂರಬೇಕು. ನನ್ನ 2.1 ಟೈರಿಗೆ ತೂರುತ್ತಿತ್ತು. 2.4ಕ್ಕೆ ಎರಡೂ ಬದಿಗೆ ಮೂರೂವರೆ ಮಿ.ಮೀ. ಕಡಿಮೆಯಾಗಿ ಉಳಿದದ್ದು ಮೂರು ಮಿಲಿಮೀಟರ್. ಒಣ ದಾರಿಯಲ್ಲಿ ಗೊತ್ತಾಗಲಿಲ್ಲ. ಎರೆ ಮಣ್ಣು ಹೇಳಿಕೊಟ್ಟಿತು. ಕೆಸರಿನ ರೇಸಿನಲ್ಲಿ ಸಣ್ಣ ಟೈರು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲಕ್ಕೆ ಹೋಗುತ್ತದೆ, ಮಣ್ಣನ್ನೂ ಬೇಗ ಉದುರಿಸುತ್ತದೆ. ಒಣ ಮರಳಿನಲ್ಲಿ ಇದರ ಉಲ್ಟಾ, ಅಗಲ ಟೈರು ಹೂತುಹೋಗದೆ ಮೇಲೆ ತೇಲುತ್ತದೆ.

ಎರಡನೆಯದು ರಿಮ್. ಸಣ್ಣ ರಿಮ್ಮಿಗೆ ಅಗಲ ಟೈರು ಹಾಕಿದರೆ ಅದು ಬಲ್ಬಿನ ಹಾಗೆ ಉಬ್ಬಿ ತಿರುವಿನಲ್ಲಿ ಮಡಚುತ್ತದೆ. ಅಗಲ ರಿಮ್ಮಿಗೆ ಸಣ್ಣ ಟೈರು ಹಾಕಿದರೆ ಅದು ಚೌಕಾಗಿ ಪಕ್ಕದ ಗೋಡೆ ಕಲ್ಲಿಗೆ ತೆರೆದುಕೊಳ್ಳುತ್ತದೆ. ರಿಮ್ಮಿನ ಒಳ ಅಗಲ 25 ಮಿ.ಮೀ. ಇದ್ದರೆ 2.2ರಿಂದ 2.4 ಇಂಚು, 30 ಮಿ.ಮೀ. ಇದ್ದರೆ 2.4ರಿಂದ 2.6 ಇಂಚು ಚೆನ್ನಾಗಿ ಕೂರುತ್ತದೆ. ನನ್ನದರಂಥ ಕಡಿಮೆ ಬೆಲೆಯ ಸೈಕಲ್‌ಗಳ ರಿಮ್ ಇದಕ್ಕಿಂತ ಸಣ್ಣದಿರುತ್ತದೆ. ನನ್ನದು 21. ಅದಕ್ಕೆ 2.1ರಿಂದ 2.25 ಸರಿಯಾದ ಜೋಡಿ, 2.4 ಕಡೆಯ ಮೆಟ್ಟಿಲು.

ಮೂರನೆಯದು ತೂಕ. ಎಲ್ಲರೂ ಮೊದಲು ಹೆದರುವುದು ಇದಕ್ಕೇ. ಲೆಕ್ಕ ಹಾಕಿದರೆ ಅಷ್ಟು ಹೆದರಬೇಕಾಗಿಲ್ಲ. ಒಂದು ಟೈರಿಗೆ 150 ಗ್ರಾಂ ಹೆಚ್ಚಾಯಿತು ಎಂದುಕೊಳ್ಳಿ. ಎರಡಕ್ಕೆ 300. ನನ್ನ 70 ಕೆ.ಜಿ.ಯಲ್ಲಿ ಅದು ನೂರಕ್ಕೆ ಅರ್ಧ ಭಾಗವೂ ಅಲ್ಲ. ಚಕ್ರದ ಅಂಚಿನ ತೂಕವನ್ನು ತಿರುಗಿಸಲೂ ಬೇಕಾದ್ದರಿಂದ ವೇಗ ಏರಿಸುವಾಗ ಅದು ಎರಡು ಪಟ್ಟಾಗಿ ಕಾಡುತ್ತದೆ. ಆದರೂ ನೂರಕ್ಕೆ ಒಂದರ ಒಳಗೇ. ಇಂಥ ಸಣ್ಣ ಅಂತರದಲ್ಲೇ ಗೆಲ್ಲುವವರಿಗೆ ಅದೂ ದೊಡ್ಡದು. ನನ್ನಂಥವನು ರೇಸಿನ ನಡುವೆ ಒಂದು ಪಂಕ್ಚರ್ ಆದರೆ ಕಳೆದುಕೊಳ್ಳುವ ಸಮಯದ ಮುಂದೆ ಅದು ಏನೂ ಅಲ್ಲ.

ತಿರುಗಾಟಕ್ಕೆ ಯಾವುದು, ರೇಸಿಗೆ ಯಾವುದು?

ಟ್ರೈಲ್ ಸವಾರಿ ಎಂದರೆ ಗಡಿಯಾರ ನೋಡದೆ ಗುಡ್ಡದ ದಾರಿಯಲ್ಲಿ ಹತ್ತಿ ಇಳಿಯುವುದು. ಅಲ್ಲಿ ಬೇಕಾದ್ದು ಹಿಡಿತ, ಆರಾಮ, ಬೀಳದಿರುವುದು. ಫ್ರೇಮ್ ಮತ್ತು ರಿಮ್ ಒಪ್ಪಿದರೆ 2.4ರಿಂದ 2.6 ಒಳ್ಳೆಯದು. ಕ್ರಾಸ್‌ಕಂಟ್ರಿ ರೇಸಿಗೆ 2.25ರಿಂದ 2.4. ಡಾಂಬರಿನ ಮೇಲೆ ಕಾಲೇಜಿಗೆ ಬಂದು ಭಾನುವಾರ ಮಾತ್ರ ಗರಸಿನ ದಾರಿಗೆ ಹೋಗುವವರಿಗೆ 2.0ರಿಂದ 2.2, ಬಟನ್ ಸಣ್ಣದಾಗಿ ಒತ್ತೊತ್ತಾಗಿ ಇರುವುದು ಸಾಕು. ಅಗಲದಷ್ಟೇ ಬಟನ್‌ನ ವಿನ್ಯಾಸವೂ ಮುಖ್ಯ ಎಂಬುದನ್ನು ಮರೆಯಬೇಡಿ.

ಎರಡೂ ಚಕ್ರಕ್ಕೆ ಒಂದೇ ಅಗಲ ಇರಬೇಕೆಂಬ ನಿಯಮ ಇಲ್ಲ. ಹಿಂದಿನ ಚಕ್ರ ಜಾರಿದರೆ ಸಾಮಾನ್ಯವಾಗಿ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲಕ್ಕೆ ಬೀಳುತ್ತೇವೆ. ಅದಕ್ಕೆ ಬಹಳ ಜನ ಮುಂದೆ ಸ್ವಲ್ಪ ಅಗಲ, ಹಿಂದೆ ಸ್ವಲ್ಪ ಸಣ್ಣದು ಹಾಕುತ್ತಾರೆ. ಸಾಮಾನ್ಯವಾಗಿ ಮುಂದಿನ ಫೋರ್ಕಿನಲ್ಲಿ ಜಾಗವೂ ಹೆಚ್ಚು ಇರುತ್ತದೆ.

ನಮ್ಮ ಊರಿನ ನೆಲದ ಬಗ್ಗೆ ಒಂದು ಮಾತು. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳು ಸೈಕ್ಲಿಂಗ್‌ಗೆ ಹೆಸರಾದವು. 2021ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಮ್ಮ ಗದಗಿನಲ್ಲೇ ನಡೆಯಿತು. ಇಲ್ಲಿ ಒಂದೇ ದಾರಿಯಲ್ಲಿ ಎರೆ, ಮಸಾರಿ, ಗರಸು, ಕಲ್ಲು ಎಲ್ಲ ಸಿಗುತ್ತವೆ. ಬೇಸಿಗೆಯ ಟೈರು ಮಳೆಗಾಲಕ್ಕೆ ಆಗಲಿಕ್ಕಿಲ್ಲ. ಇನ್ನೊಂದು ವಿಷಯ, ಕಪ್ಪತಗುಡ್ಡ ಈಗ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಸೈಕಲ್ ಒಯ್ಯಬೇಡಿ. ಹೊರಗಿನ ಚಕ್ಕಡಿ ದಾರಿಗಳೇ ನಮಗೆ ಸಾಕಷ್ಟಿವೆ.

ನನ್ನ ಖಾತೆಯ ಲೆಕ್ಕ

ಕಳೆದುಹೋದ 1,900ಕ್ಕೆ ಅರ್ಥಶಾಸ್ತ್ರದಲ್ಲಿ ‘ಮುಳುಗಿದ ವೆಚ್ಚ’ ಎನ್ನುತ್ತಾರೆ. ಕೊಟ್ಟಿದ್ದೇನೆ ಎಂಬ ಹಟಕ್ಕೆ ತಪ್ಪು ಟೈರನ್ನು ಓಡಿಸುತ್ತಾ ಇರುವುದು ಎರಡನೆಯ ನಷ್ಟ. ಆದರೆ ಇನ್ನೊಮ್ಮೆ ಹೊಸದು ಕೊಳ್ಳಲು ನನ್ನ ಹತ್ತಿರ ದುಡ್ಡೂ ಇರಲಿಲ್ಲ, ಅಮ್ಮಿಯನ್ನು ಮತ್ತೆ ಕೇಳುವ ಮುಖವೂ ಇರಲಿಲ್ಲ. ಅದಕ್ಕೆ ಹೀಗೆ ಮಾಡಿದೆ. ಹಿಂದಿನ ಚಕ್ರಕ್ಕೆ ಹಳೆಯ 2.1 ಟೈರನ್ನೇ ಮತ್ತೆ ಹಾಕಿದೆ. ಮುಂದೆ ಫೋರ್ಕಿನಲ್ಲಿ 6 ನಂಬರಿನ ಅಲೆನ್ ಕೀ ತೂರಿದ್ದರಿಂದ 2.4 ಉಳಿಸಿಕೊಂಡೆ. ಒಂದು 2.4 ಟೈರನ್ನು ಪಕ್ಕದ ಓಣಿಯ ಗೆಳೆಯ 600 ರೂಪಾಯಿಗೆ ತೆಗೆದುಕೊಂಡ, ಅವನ ಫ್ರೇಮಿನಲ್ಲಿ ಅದಕ್ಕೆ ಜಾಗ ಇತ್ತು, ಅಳೆದೇ ಕೊಟ್ಟೆ. ಆ ದುಡ್ಡಿನಲ್ಲಿ 350 ಕೊಟ್ಟು ಗಾಳಿ ಅಳೆಯುವ ಗೇಜ್ ತಂದೆ. ಉಳಿದ 250 ಅಮ್ಮಿಗೆ ವಾಪಸು. ಇನ್ನೂ 250 ಬಾಕಿ ಇದೆ.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಒಂದೇ ಸುತ್ತನ್ನು ಬೇರೆ ಬೇರೆ ಗಾಳಿಯಲ್ಲಿ ಓಡಿಸಿ ನೋಟ್‌ಬುಕ್ಕಿನಲ್ಲಿ ಸಮಯ ಬರೆದೆ. 40 ಪಿಎಸ್ಐಯಲ್ಲಿ ಎಲ್ಲಕ್ಕಿಂತ ವೇಗವಾಗಿ ಹೋಗುತ್ತಿದ್ದೇನೆ ಎಂದು ನನಗೆ ಅನಿಸಿತು, ಏಕೆಂದರೆ ಸೈಕಲ್ ಗಡಗಡ ಅನ್ನುತ್ತಿತ್ತು. ಗಡಿಯಾರ ಹೇಳಿದ್ದು ಬೇರೆ. ಅದೇ ಎಲ್ಲಕ್ಕಿಂತ ನಿಧಾನ. ಹಿಂದೆ 30, ಮುಂದೆ 25 ಇಟ್ಟಾಗ ಸಮಯ ಎಲ್ಲಕ್ಕಿಂತ ಕಡಿಮೆ ಬಂತು, ಕೈಯೂ ನೋಯಲಿಲ್ಲ. ಇದು ನನ್ನ ತೂಕಕ್ಕೆ, ನನ್ನ ದಾರಿಗೆ ಬಂದ ಅಂಕಿ. ನಿಮ್ಮದು ಬೇರೆ ಇರುತ್ತದೆ, ನೀವೇ ಓಡಿಸಿ ಬರೆದುಕೊಳ್ಳಬೇಕು.

ಮುಂದಿನ ರೇಸಿನಲ್ಲಿ ನಾನು ಗೆಲ್ಲಲಿಲ್ಲ. ನಡುವಿನಲ್ಲೆಲ್ಲೋ ಬಂದೆ. ಆದರೆ ಒಮ್ಮೆಯೂ ಇಳಿಯಲಿಲ್ಲ, ಒಮ್ಮೆಯೂ ಹೊರಲಿಲ್ಲ.

ಟೈರು ಕೊಳ್ಳಲು ಹೊರಟಿರುವ ಗೆಳೆಯರಿಗೆ ಕೊನೆಯದಾಗಿ ಇಷ್ಟು:

1. ಮೊದಲು ಒಂದು ಗೇಜ್ ಕೊಳ್ಳಿ. ಇರುವ ಟೈರಿನಲ್ಲೇ ಗಾಳಿ ಬದಲಿಸಿ ನೋಡಿ. ಹೊಸ ಟೈರು ಬೇಕಾಗದೆಯೂ ಇರಬಹುದು.
2. 622, 584, 559ರಲ್ಲಿ ನಿಮ್ಮದು ಯಾವುದೆಂದು ಬರೆದುಕೊಂಡು ಅಂಗಡಿಗೆ ಹೋಗಿ.
3. 6 ನಂಬರಿನ ಅಲೆನ್ ಕೀಯಿಂದ ಫ್ರೇಮಿನ ಸಂದು ಅಳೆಯಿರಿ. ಹೊಸ ಟೈರು ಎಷ್ಟು ಮಿ.ಮೀ. ಹೆಚ್ಚು ಅಗಲವೋ ಅದರ ಅರ್ಧ ಪ್ರತಿ ಬದಿಗೆ ಕಡಿಮೆಯಾಗುತ್ತದೆ.
4. ರಿಮ್ಮಿನ ಒಳ ಅಗಲ ಕೇಳಿ ತಿಳಿಯಿರಿ.
5. ಒಂದೇ ಟೈರಿಗೆ ದುಡ್ಡಿದ್ದರೆ ಒಳ್ಳೆಯದನ್ನು ಮುಂದಕ್ಕೆ ಹಾಕಿ.
6. ಹೊಸ ಟೈರು, ಹೊಸ ಗಾಳಿ, ಯಾವುದನ್ನೂ ರೇಸಿನ ದಿನ ಮೊದಲ ಸಲ ಪರೀಕ್ಷಿಸಬೇಡಿ.

ನನ್ನ ಗೇಜ್ ಬೇಕಾದವರು ದ್ವಿತೀಯ ಪಿಯುಸಿ ಕಾಮರ್ಸ್ ತರಗತಿಗೆ ಬಂದು ಕೇಳಬಹುದು. ಮರುದಿನ ವಾಪಸು ಕೊಡಬೇಕು, ಅಷ್ಟೇ.